ರೀಬೂಟ್‌ನಲ್ಲಿ ಅನ್‌ಮೌಂಟ್ ಎಚ್ಚರಿಕೆ: ಪ್ಲಗ್ ಮಾತ್ರ ಕೀಳಬೇಡಿ

ಸರ್, ನಿಮ್ಮ ಚಿತ್ರದುರ್ಗದ ಅಂಗಡಿಯ ಲಿನಕ್ಸ್ ಸರ್ವರ್ ರೀಬೂಟ್ ಆಗುವಾಗ ಬ್ಯಾಕಪ್ ಡಿಸ್ಕ್ ಅನ್‌ಮೌಂಟ್ (ಸಿಸ್ಟಮ್‌ನಿಂದ ಸುರಕ್ಷಿತವಾಗಿ ಬೇರ್ಪಡೋದು) ಆಗಲಿಲ್ಲ ಅಂತ ಬಂದು 1 ನಿಮಿಷ 30 ಸೆಕೆಂಡು ನಿಲ್ಲುತ್ತೆ, ಡಿಸ್ಕ್ ಹೋಯ್ತಾ ಅಂತ ಕೇಳಿದ್ದೀರಿ. ಆ 90 ಸೆಕೆಂಡು, ಲಿನಕ್ಸ್‌ನಲ್ಲಿ ಎಲ್ಲವನ್ನೂ ಶುರುಮಾಡಿ ನಿಲ್ಲಿಸೋ ಸಿಸ್ಟಮ್‌ಡಿ ಅನ್ನೋ ಪ್ರೋಗ್ರಾಂ ಕಾಯೋ ಮಾಮೂಲಿ ಗಡುವು. ಅಷ್ಟಕ್ಕೇ ಡಿಸ್ಕ್ ಕೆಟ್ಟಿದೆ ಅನ್ನೋಕಾಗಲ್ಲ. ಆದರೆ ಆಗ ಪ್ಲಗ್ ಕಿತ್ತರೆ ಬರೆಯುತ್ತಿದ್ದ ಫೈಲು ಹಾಳಾಗಬಹುದು, ದಯವಿಟ್ಟು ಕಾಯಿರಿ.

ದಾವಣಗೆರೆಯಲ್ಲಿ ನಮ್ಮ ಪ್ರೆಸ್ಸಿನ ಸರ್ವರ್‌ಗೂ ಇದೇ ಕಾಟ ಇತ್ತು. ಲಾಗ್ ತೋರಿಸೋ ಜರ್ನಲ್‌ಸಿಟಿಎಲ್ ಕಮಾಂಡಿಗೆ ಮೈನಸ್ ಬಿ, ಮೈನಸ್ 1 ಕೊಟ್ಟು (journalctl -b -1) ಹಿಂದಿನ ಬೂಟಿನ ಲಾಗ್ ತೆಗೆದು ಕೊನೆಯ ಸಾಲುಗಳನ್ನು ಓದಿದೆ. ನಮ್ಮದು ನೆಟ್‌ವರ್ಕ್ ಮೇಲೆ ಬರೋ ಐಸ್ಕಸಿ (iSCSI) ಡಿಸ್ಕು. ಅನ್‌ಮೌಂಟ್‌ಗಿಂತ ಮೊದಲೇ ನೆಟ್‌ವರ್ಕ್ ನಿಂತುಹೋಗ್ತಿತ್ತು. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅಂತ ಬರೆದಿರೋ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಆ ಡಿಸ್ಕಿನ ಸಾಲಿಗೆ, ಇದು ನೆಟ್‌ವರ್ಕ್ ಡಿಸ್ಕ್ ಅಂತ ಹೇಳೋ, ಅಂಡರ್‌ಸ್ಕೋರ್ ಸಮೇತ ನೆಟ್‌ಡೆವ್ (_netdev) ಆಯ್ಕೆ ಸೇರಿಸಿದ ಮೇಲೆ ಸರಿಹೋಯ್ತು.

ನಿಮ್ಮ ಲಾಗ್‌ನಲ್ಲಿ ಐ/ಒ ಎರರ್ (ಡಿಸ್ಕಿಗೆ ಓದೋ-ಬರೆಯೋದರಲ್ಲಿ ದೋಷ) ಕಂಡರೆ ಮಾತ್ರ ಕಥೆ ಬೇರೆ. ಮೊದಲು ಡೇಟಾ ಕಾಪಿ ಮಾಡ್ಕೊಳ್ಳಿ, ಆಮೇಲೆ ಡಿಸ್ಕಿನ ಆರೋಗ್ಯ ನೋಡೋ ಸ್ಮಾರ್ಟ್‌ಸಿಟಿಎಲ್ ಕಮಾಂಡ್ ಓಡಿಸಿ. ನಿಮ್ಮ ಹಿಂದಿನ ಬೂಟಿನ ಲಾಗ್‌ನ ಕೊನೆಯ ಹತ್ತು ಸಾಲು ಇಲ್ಲಿ ಹಾಕಿ, ನೋಡ್ತೀನಿ.