ಓದುಗರ ಪ್ರಶ್ನೆ: ಸೆನ್ಸಿಟಿವಿಟಿ ಹೆಚ್ಚಿರುವ ಸ್ಪೀಕರ್‌ಗೆ ಎಂಥ ಆಂಪ್ಲಿಫೈಯರ್?

ಪ್ರಶ್ನೆ: ನನ್ನ ಹಾರ್ನ್ ಸ್ಪೀಕರ್‌ಗಳು 8 ಓಮ್, 97 ಡೆಸಿಬೆಲ್ ಸೆನ್ಸಿಟಿವಿಟಿಯವು. ಕೂತು ಕೇಳುವುದು 3 ಮೀಟರ್ ದೂರದಿಂದ. ಈಗಿರುವ 100 ವ್ಯಾಟ್ ಆಂಪ್ಲಿಫೈಯರ್‌ನಲ್ಲಿ ಹಾಡು ನಿಂತರೆ ‘ಸುಯ್’ ಎನ್ನುವ ಸದ್ದು ಕೇಳುತ್ತದೆ. ವಾಲ್ಯೂಮ್ ನಾಬ್ ಸ್ವಲ್ಪ ತಿರುಗಿಸಿದರೂ ಕಿವಿಗಡಚಿಕ್ಕುತ್ತದೆ. ಕಡಿಮೆ ಖರ್ಚಿನಲ್ಲಿ ಏನು ಕೊಳ್ಳಬಹುದು?

ಉತ್ತರ: ಮೊದಲು ವ್ಯಾಟ್‌ಗಳ ಲೆಕ್ಕ ನೋಡೋಣ. ಸೆನ್ಸಿಟಿವಿಟಿ ಎಂದರೆ ಇದೇ: 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 97 ಡೆಸಿಬೆಲ್. 3 ಮೀಟರ್‌ಗೆ ಹೋದರೆ ಸುಮಾರು 9 ಡೆಸಿಬೆಲ್ ಕಳೆಯುತ್ತದೆ, ಎರಡು ಸ್ಪೀಕರ್ ಸೇರಿದಾಗ 3 ಡೆಸಿಬೆಲ್ ಕೂಡುತ್ತದೆ. ಕೋಣೆಯ ಗೋಡೆಗಳ ನೆರವು ಬಿಟ್ಟರೂ ನಿಮ್ಮ ಕುರ್ಚಿಯ ಬಳಿ 90ರ ಆಸುಪಾಸು ಸಿಗುತ್ತದೆ. ಜೋರಾಗಿಯೇ ಕೇಳುವವರಿಗೆ ಸರಾಸರಿ 80 ಡೆಸಿಬೆಲ್ ಸಾಕು. ಅದಕ್ಕೆ ಬೇಕಾದದ್ದು ಒಂದು ವ್ಯಾಟ್‌ನ ಹತ್ತನೇ ಒಂದು ಭಾಗ. ತಬಲಾ, ಡ್ರಮ್‌ಗಳ ಪೆಟ್ಟು ಅದಕ್ಕಿಂತ 20 ಡೆಸಿಬೆಲ್ ಮೇಲೆ ಜಿಗಿದರೂ 10 ವ್ಯಾಟ್ ಮುಟ್ಟುತ್ತದೆ, ಅಷ್ಟೆ. ಚಾನೆಲ್‌ಗೆ 20 ವ್ಯಾಟ್ ಇದ್ದರೆ ಧಾರಾಳ. ಸ್ಪೀಕರ್ 4 ಓಮ್‌ನದಾಗಿದ್ದು, ಸೆನ್ಸಿಟಿವಿಟಿಯನ್ನು 2.83 ವೋಲ್ಟ್‌ಗೆ (8 ಓಮ್‌ಗೆ ಇದು 1 ವ್ಯಾಟ್) ಕೊಟ್ಟಿದ್ದರೆ ಮಾತ್ರ ಅದು 2 ವ್ಯಾಟ್‌ನ ಲೆಕ್ಕ. 3 ಡೆಸಿಬೆಲ್ ಕಳೆದು ನೋಡಿ.

ಇನ್ನು ‘ಸುಯ್’ ಸದ್ದು. ಇಲ್ಲಿಯೇ ಹೆಚ್ಚಿನವರು ಎಡವುವುದು. ಆಂಪ್ಲಿಫೈಯರ್‌ನ ಸ್ವಂತ ಸದ್ದನ್ನೂ ನಿಮ್ಮ ಸ್ಪೀಕರ್ 87 ಡೆಸಿಬೆಲ್‌ನ ಸ್ಪೀಕರ್‌ಗಿಂತ 10 ಡೆಸಿಬೆಲ್ ಜೋರಾಗಿ ಕೇಳಿಸುತ್ತದೆ. ಪೆಟ್ಟಿಗೆಯ ಮೇಲಿನ ‘ಸಿಗ್ನಲ್-ಟು-ನಾಯ್ಸ್ 100 ಡೆಸಿಬೆಲ್’ (ಹಾಡಿಗೂ ಹಿನ್ನೆಲೆಯ ಸದ್ದಿಗೂ ಇರುವ ಅಂತರ) ಎಂಬ ಅಂಕಿ ಸಾಮಾನ್ಯವಾಗಿ ಪೂರ್ಣ ಶಕ್ತಿಗೆ ಹೋಲಿಸಿ ಕೊಟ್ಟದ್ದು. 1 ವ್ಯಾಟ್‌ಗೆ ಇಳಿಸಿದರೆ 100 ವ್ಯಾಟ್‌ನದರಲ್ಲಿ ಅದು 80, 20 ವ್ಯಾಟ್‌ನದರಲ್ಲಿ 87. ಅಂಕಿ ಒಂದೇ ಆದರೂ ಚಿಕ್ಕ ಆಂಪ್ಲಿಫೈಯರ್ ಹೆಚ್ಚು ನಿಶ್ಶಬ್ದ. 1 ವ್ಯಾಟ್‌ಗೆ 85 ಅಥವಾ ಅದಕ್ಕಿಂತ ಹೆಚ್ಚು ಇರುವುದನ್ನೇ ಆರಿಸಿ.

ಆದರೆ ಕೊಳ್ಳುವ ಮೊದಲು ದೋಷ ಎಲ್ಲಿದೆ ಎಂದು ಪತ್ತೆಹಚ್ಚಿ. ನಾಬ್ ಸೊನ್ನೆಗೆ ತಂದು ಸ್ಪೀಕರ್‌ಗೆ ಕಿವಿ ಕೊಡಿ. ಸದ್ದು ಹಾಗೆಯೇ ಉಳಿದರೆ ಅದು ನಾಬ್‌ನ ನಂತರದ ಪವರ್ ಹಂತದ್ದು. ಕೇಬಲ್, ಪ್ಲೇಯರ್ ಬದಲಿಸಿ ಪ್ರಯೋಜನವಿಲ್ಲ. ನಾಬ್ ಜೊತೆಗೆ ಏರಿದರೆ ಪ್ರೀಆಂಪ್ (ಪವರ್ ಹಂತಕ್ಕೆ ಮೊದಲಿನ ಹಂತ) ಅಥವಾ ಪ್ಲೇಯರ್ ಕಡೆಯದು. ‘ಗುಂಯ್’ ಎಂಬ ಕೆಳಸ್ವರವಿದ್ದು, ಪ್ಲೇಯರ್‌ನ ಕೇಬಲ್ ಕಿತ್ತಾಗ ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ಉಪಕರಣಗಳ ಅರ್ಥ್ ಸಂಪರ್ಕಗಳ ನಡುವೆ ಕರೆಂಟ್ ಸುತ್ತುವುದು. ಎರಡೂ ಉಪಕರಣಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ. ಅರ್ಥ್ ಪಿನ್ ಮಾತ್ರ ಎಂದೂ ಕೀಳಬೇಡಿ.

ನಾಬ್ ತುಸು ತಿರುಗಿಸಿದರೂ ಜೋರಾಗುವುದು ಗೇನ್ (ಸಿಗ್ನಲ್ ಅನ್ನು ಹಿಗ್ಗಿಸುವ ಪ್ರಮಾಣ) ಹೆಚ್ಚಾದ್ದರಿಂದ. ನಾಬ್‌ನ ಆರಂಭದ ಭಾಗದಲ್ಲಿ ಎಡ-ಬಲ ಚಾನೆಲ್‌ಗಳೂ ಸಮ ಇರುವುದಿಲ್ಲ, ಹಾಡುವವರ ದನಿ ಒಂದು ಪಕ್ಕಕ್ಕೆ ಸರಿಯುತ್ತದೆ. ಪ್ಲೇಯರ್ ಮತ್ತು ಆಂಪ್ಲಿಫೈಯರ್ ನಡುವೆ 10 ಡೆಸಿಬೆಲ್‌ನ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಸಾಧನ) ಹಾಕಿದರೆ ಇದು ಸರಿಹೋಗುತ್ತದೆ. ಪವರ್ ಹಂತದ ‘ಸುಯ್’ ಮಾತ್ರ ಹೋಗದು. ಅದನ್ನೂ ತಗ್ಗಿಸಲು ಸ್ಪೀಕರ್ ಕಡೆಗೆ ಎಲ್-ಪ್ಯಾಡ್ ಎಂಬ ಎರಡು ರೆಸಿಸ್ಟರ್‌ಗಳ ಜೋಡಣೆ ಬೇಕು: 8 ಓಮ್ ಸ್ಪೀಕರ್‌ಗೆ ಸರಣಿಯಲ್ಲಿ 4 ಓಮ್, ಸ್ಪೀಕರ್‌ಗೆ ಸಮಾನಾಂತರವಾಗಿ 8 ಓಮ್, ಎರಡೂ 10 ವ್ಯಾಟ್ ರೆಸಿಸ್ಟರ್. 6 ಡೆಸಿಬೆಲ್ ಇಳಿಯುತ್ತದೆ, ಆಂಪ್ಲಿಫೈಯರ್‌ಗೆ ಲೋಡ್ 8 ಓಮ್ ಆಗಿಯೇ ಕಾಣುತ್ತದೆ. ಹೊಸದನ್ನು ಕೊಳ್ಳುವುದಕ್ಕಿಂತ ಅಗ್ಗ. ಇದನ್ನೇ ಮೊದಲು ಮಾಡಿ ನೋಡಿ.

ಪ್ರಶ್ನೆ: ಟಿಪಿಎ3116ಡಿ2 ಆಂಪ್ಲಿಫೈಯರ್ ಚಿಪ್‌ನ ಅಗ್ಗದ ಬೋರ್ಡ್ ಇಂಥ ಸ್ಪೀಕರ್‌ಗೆ ಆದೀತೇ? 12 ವೋಲ್ಟ್ ಅಡಾಪ್ಟರ್ ಸಾಕೇ?

ಉತ್ತರ: ಆಗುತ್ತದೆ. 12 ವೋಲ್ಟ್‌ನಲ್ಲಿ 8 ಓಮ್‌ಗೆ 7-8 ವ್ಯಾಟ್, ಲ್ಯಾಪ್‌ಟಾಪ್‌ನ 19 ವೋಲ್ಟ್ ಅಡಾಪ್ಟರ್‌ನಲ್ಲಿ ಸುಮಾರು 20 ವ್ಯಾಟ್ ಸಿಗುತ್ತದೆ. ಈ ಚಿಪ್‌ನ ಗೇನ್ 20, 26, 32, 36 ಡೆಸಿಬೆಲ್ ಎಂದು ನಾಲ್ಕು ಹಂತಗಳಲ್ಲಿದೆ; ಎರಡು ರೆಸಿಸ್ಟರ್‌ಗಳ ಓಮ್ ಮೌಲ್ಯ ನೋಡಿ ಚಿಪ್ ಹಂತವನ್ನು ನಿರ್ಧರಿಸುತ್ತದೆ. 20ಕ್ಕೆ ಹೊಂದಿಸಿ, ಹಿನ್ನೆಲೆಯ ಸದ್ದೂ ಇಳಿಯುತ್ತದೆ. ಒಂದು ಎಚ್ಚರಿಕೆ: ಇದರ ಸ್ಪೀಕರ್ ಮೈನಸ್ ತಂತಿ ಗ್ರೌಂಡ್ ಅಲ್ಲ. ಎರಡೂ ಚಾನೆಲ್‌ಗಳ ಮೈನಸ್ ತಂತಿಗಳನ್ನು ಒಟ್ಟಿಗೆ ಸೇರಿಸಬೇಡಿ, ಚಾಸಿಗೂ (ಲೋಹದ ಹೊರಕವಚಕ್ಕೂ) ತಾಗಿಸಬೇಡಿ.

ಪ್ರಶ್ನೆ: ವಾಲ್ವ್ ಆಂಪ್ಲಿಫೈಯರ್ ಹೇಗೆ?

ಉತ್ತರ: 300ಬಿ ವಾಲ್ವ್ ಒಂದೇ ಇರುವ ಹಂತ ಕೊಡುವುದು ಸುಮಾರು 8 ವ್ಯಾಟ್, ನಿಮಗೆ ಸಾಕು. ಆದರೆ ಇಂಥವುಗಳ ಔಟ್‌ಪುಟ್ ಇಂಪೀಡನ್ಸ್ (ಓಮ್‌ನಲ್ಲಿ ಅಳೆಯುವ ತಡೆ) ಹೆಚ್ಚು. ಸ್ಪೀಕರ್‌ನ ಇಂಪೀಡನ್ಸ್ ಎಲ್ಲಿ ಏರುತ್ತದೋ ಅಲ್ಲಿ ಸದ್ದೂ ಉಬ್ಬುತ್ತದೆ. ಅಗ್ಗದವುಗಳಲ್ಲಿ ಮೊದಲು ಕೈಬಿಡುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಗುಣಮಟ್ಟ, ಅದರಿಂದ ಬಾಸ್ ಸೊರಗುತ್ತದೆ. ಖರ್ಚು ಕಡಿಮೆ ಇರಬೇಕೆಂದರೆ ಚಿಕ್ಕ ಟ್ರಾನ್ಸಿಸ್ಟರ್ ಆಂಪ್ಲಿಫೈಯರೇ ಸರಿ.