ಮೂವತ್ತು ಸಾವಿರದೊಳಗೆ 40ಎಕ್ಸ್ ಜೂಮ್ ಇರುವ ಪಾಕೆಟ್ ಕ್ಯಾಮೆರಾ ತಗೋಬಹುದಾ?

ರಂಗನತಿಟ್ಟಿನ ಹಕ್ಕಿಗೂ ಬೇಕು, ಮಗಳ ಸ್ಕೂಲ್ ಡೇಗೂ ಬೇಕು, ಜೇಬಲ್ಲೂ ಹಿಡೀಬೇಕು, 40ಎಕ್ಸ್ ಸಾಕಾ, 60ಎಕ್ಸ್ ಬೇಕಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಇದೇ ಪಟ್ಟಿ ಹಿಡಿದು ನಾನೂ ಅಂಗಡಿಗೆ ಹೋಗಿದ್ದೆ. ಮಗಳ ಬದಲು ಅಣ್ಣನ ಮಗ, ಅಷ್ಟೇ ವ್ಯತ್ಯಾಸ.

ಅಂಗಡಿಯವನು ಕ್ಯಾಮೆರಾ ಕೈಗೆ ಕೊಟ್ಟು ಬಾಗಿಲ ಹತ್ತಿರ ಕರ್ಕೊಂಡು ಹೋದ. ಮಟಮಟ ಮಧ್ಯಾಹ್ನ. ರಸ್ತೆ ಆಚೆಯ ಬಟ್ಟೆ ಅಂಗಡಿ ಬೋರ್ಡಿಗೆ ಜೂಮ್ ಮಾಡಿದೆ. ಬೋರ್ಡಿನ ಮೂಲೆಯಲ್ಲಿ ಪೇಂಟರ್ ಬರೆದುಕೊಂಡಿದ್ದ ತನ್ನ ಫೋನ್ ನಂಬರ್ ಕೂಡ ಓದೋಕೆ ಬಂತು. ಅಲ್ಲೇ ದುಡ್ಡು ಕೊಟ್ಟೆ.

ನಾನು ಕೆಟ್ಟಿದ್ದು ಅಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಹೀಗೇ ಪರೀಕ್ಷೆ ಮಾಡ್ತಾರೆ. ಲೆನ್ಸ್ ಸುತ್ತ ಸಣ್ಣಕ್ಷರದಲ್ಲಿ 4.3-172.0ಎಂಎಂ, 1:3.3-6.9 ಅಂತ ಬರೆದಿತ್ತು. ನಾನು ಓದಲಿಲ್ಲ. ಮೊದಲ ಜೋಡಿ ಜೂಮಿನ ಎರಡು ತುದಿ, ಎರಡನೆಯದು ಬೆಳಕಿನ ಲೆಕ್ಕ. 3.3 ಅನ್ನೋದು ಜೂಮ್ ಮಾಡದೇ ಇದ್ದಾಗ. ಪೂರ್ತಿ ಜೂಮ್ ಮಾಡಿದರೆ 6.9. ಈ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ. ಎರಡರಷ್ಟಾದರೆ ಬೆಳಕು ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಇದು ಗೊತ್ತೇ ಆಗಲ್ಲ. ಬೋರ್ಡು ಅಲ್ಲಾಡೋದೂ ಇಲ್ಲ. ಮೂರು ಇಂಚಿನ ಸ್ಕ್ರೀನಿನಲ್ಲಿ ಎಲ್ಲ ಫೋಟೋನೂ ಚೆನ್ನಾಗೇ ಕಾಣುತ್ತದೆ.

ಹಕ್ಕಿ ಕೂರೋದು ನೆರಳಲ್ಲಿ. ಬೆಳಕು ಸಾಲದಿದ್ದಾಗ ಕ್ಯಾಮೆರಾಗೆ ಎರಡೇ ದಾರಿ. ಶಟರ್, ಅಂದರೆ ಬೆಳಕು ಒಳಗೆ ಬಿಡುವ ಬಾಗಿಲು, ಜಾಸ್ತಿ ಹೊತ್ತು ತೆರೆದಿಡಬೇಕು, ಇಲ್ಲ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಬೇಕು. ಮೊದಲನೆಯದರಲ್ಲಿ ಹಕ್ಕಿ ಕತ್ತು ತಿರುಗಿಸಿದರೆ ಮಸುಕು. ಎರಡನೆಯದರಲ್ಲಿ ಪುಕ್ಕದ ಗೆರೆಗಳೆಲ್ಲ ಒರೆಸಿ ಹಾಕಿದ ಹಾಗೆ. ಡಬ್ಬಿ ಮೇಲೆ ದೊಡ್ಡದಾಗಿ ಬರೆದಿರ್ತಾರಲ್ಲ, ಇಮೇಜ್ ಸ್ಟೆಬಿಲೈಸರ್ ಅಂತ, ಅದು ನಿಮ್ಮ ಕೈನಡುಕಕ್ಕೆ ಮಾತ್ರ. ಹಕ್ಕಿ ಅಲ್ಲಾಡಿದರೆ ಅದು ಏನೂ ಮಾಡಲ್ಲ. ಇನ್ನು ಈ ಕ್ಯಾಮೆರಾಗಳ ಸೆನ್ಸರ್, ಅಂದರೆ ಚಿತ್ರ ಹಿಡಿಯುವ ಚಿಪ್, ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅಷ್ಟು ಚಿಕ್ಕದಾಗಿರೋದರಿಂದಲೇ 40ಎಕ್ಸ್ ಲೆನ್ಸ್ ಜೇಬಿಗೆ ಹಿಡಿಸೋದು. ಕಂಪನಿ ಮೋಸ ಮಾಡಿಲ್ಲ. ಒಂದು ಬೇಕಂದರೆ ಇನ್ನೊಂದು ಬಿಡಬೇಕು, ಅಷ್ಟೇ.

ರಂಗನತಿಟ್ಟಿಗೆ ಹೋದಾಗ ಏನಾಯ್ತು ಕೇಳಿ. ಮೋಡದ ಸಂಜೆ, ಹುಟ್ಟು ಹಾಕುವ ದೋಣಿ. ದಡದ ಕೊಂಬೆಯ ಕೆಳಗೆ ಮಿಂಚುಳ್ಳಿ. ಲೆನ್ಸ್ ಮೇಲೆ 172 ಅಂತಿದ್ದರೂ ಪೂರ್ತಿ ಜೂಮ್ ಅಂದರೆ ಹಳೆಯ 35ಎಂಎಂ ಫಿಲ್ಮ್ ಕ್ಯಾಮೆರಾ ಲೆಕ್ಕದಲ್ಲಿ 960ಎಂಎಂಗೆ ಸಮ. ಇಪ್ಪತ್ತು ಮೀಟರ್ ದೂರದಲ್ಲಿ ಫ್ರೇಮಿನೊಳಗೆ ಬರೋದು ಬರೀ ಮುಕ್ಕಾಲು ಮೀಟರ್ ಅಗಲ. ದೋಣಿ ಒಂಚೂರು ತೂಗಿದರೆ ಹಕ್ಕಿ ಮಾಯ. ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್, ಇಲ್ಲದ ಕ್ಯಾಮೆರಾ. ಕೈ ಮುಂದೆ ಚಾಚಿ ಸ್ಕ್ರೀನ್ ನೋಡ್ತಾ ಹುಡುಕಬೇಕು. ಪಕ್ಕದವರಿಗೆ ಮೊಣಕೈ ತಗುಲಿ ಬೈಸಿಕೊಂಡೆ. ಹಕ್ಕಿ ಸಿಕ್ಕಿದಾಗಲೂ ಬಂದದ್ದು ನೀಲಿ ಕಲೆ. ಚೆನ್ನಾಗಿ ಬಂದದ್ದು ಒಂದೇ, ಬಂಡೆ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆ. ಅದೂ ಒಂದು ಥರ ಬೋರ್ಡೇ ಬಿಡಿ.

ಹಾಗಾಗಿ 40ಎಕ್ಸ್ ಸಾಕಾ, 60ಎಕ್ಸ್ ಬೇಕಾ ಅನ್ನೋ ನಿಮ್ಮ ಪ್ರಶ್ನೆಯೇ ತಪ್ಪು ಅಂತೀನಿ. ಎಕ್ಸ್ ಅಂದರೆ ಲೆನ್ಸಿನ ಉದ್ದದ ತುದಿಯನ್ನು ಗಿಡ್ಡ ತುದಿಯಿಂದ ಭಾಗಿಸಿದ್ದು, ಅಷ್ಟೇ. ನನ್ನದರಲ್ಲಿ 172ನ್ನು 4.3ರಿಂದ. ಲೆನ್ಸ್ ಬದಲಿಸುವ ದೊಡ್ಡ ಕ್ಯಾಮೆರಾ, ಅಂದರೆ ಡಿಎಸ್ಎಲ್ಆರ್‌ನವರು ಹಕ್ಕಿಗೆ ಹಾಕುವ 70-300 ಲೆನ್ಸ್ 5ಎಕ್ಸ್ ಕೂಡ ಇಲ್ಲ. 2012ರಲ್ಲಿ ಬಂದ ಪ್ಯಾನಸಾನಿಕ್ ಎಫ್‌ಝಡ್200 ನೋಡಿ. ಬರೀ 24ಎಕ್ಸ್, 25ರಿಂದ 600ಎಂಎಂ. ಸೆನ್ಸರ್ ಕೂಡ ಅದೇ ಅಳತೆಯದು. ಆದರೆ ಪೂರ್ತಿ ಜೂಮಲ್ಲೂ 2.8 ಬಿಟ್ಟು ಕದಲಲ್ಲ. ನನ್ನದಕ್ಕಿಂತ ಆರು ಪಟ್ಟು ಬೆಳಕು. ನನ್ನ ಕ್ಯಾಮೆರಾ 1/60 ಸೆಕೆಂಡ್ ಕೇಳುವ ಕಡೆ ಅದಕ್ಕೆ 1/360 ಸಾಕು. ಕಣ್ಣಿಗೆ ಒತ್ತಿ ಹಿಡಿಯೋಕೆ ವ್ಯೂಫೈಂಡರ್ ಬೇರೆ ಇದೆ. ಜೇಬಿಗೆ ಹಿಡಿಯಲ್ಲ, ನಿಜ. ಹೆಗಲಿಗೆ ಹಾಕ್ಕೊಳ್ಳಿ. ಹಕ್ಕಿಗೆ ಅಂತಾದರೆ ನಾನು ಇದನ್ನೇ ಸೆಕೆಂಡ್ ಹ್ಯಾಂಡ್ ತಗೊಳ್ಳಿ ಅಂತೀನಿ. ನಿಕಾನ್ ಪಿ900 ಅಂತ 83ಎಕ್ಸ್‌ನದೂ ಒಂದಿದೆ, 2000ಎಂಎಂವರೆಗೆ ಹೋಗುತ್ತದೆ, ತೂಕ ಹತ್ತಿರ ಹತ್ತಿರ 900 ಗ್ರಾಂ. ಚಂದ್ರನ ಫೋಟೋಗೆ ಮಜಾ. ಚಂದ್ರನ ಮೇಲೆ ಬೀಳೋದು ಸೂರ್ಯನ ಬೆಳಕೇ ಅಲ್ವಾ, ಬೆಳಕಿಗೆ ಬರ ಇಲ್ಲ.

ಸ್ಕೂಲ್ ಡೇಗೆ ಈ ಯಾವುದೂ ಬೇಡ. ಬೇಗ ಹೋಗಿ ಮುಂದಿನ ಸಾಲು ಹಿಡಿದು ಫೋನಲ್ಲೇ ತೆಗೀರಿ. ಹಿಂದಿನ ಸಾಲಿಂದ ಜೂಮ್ ಮಾಡಿ ತೆಗೆದ ಡ್ಯಾನ್ಸಿನಲ್ಲಿ ನಮ್ಮ ಹುಡುಗ ಯಾವನು ಅಂತ ಅವನ ಅಮ್ಮನಿಗೂ ಗೊತ್ತಾಗಲಿಲ್ಲ.

ಪಾಕೆಟ್ ಜೂಮ್ ಕೆಲಸಕ್ಕೇ ಬರಲ್ಲ ಅಂತಲ್ಲ. ಶ್ರವಣಬೆಳಗೊಳದಲ್ಲಿ ಹಗಲು ಹೊತ್ತು ಕೆಳಗೆ ನಿಂತು ಗೊಮ್ಮಟನ ತುಟಿಯ ಅಂಚನ್ನೇ ಫ್ರೇಮ್ ತುಂಬ ತೆಗೆದಿದ್ದೇನೆ. ಫೋನಲ್ಲಿ ಅದು ಆಗ್ತಿರಲಿಲ್ಲ. ಪ್ರವಾಸ, ಬಿಸಿಲು, ಕಲ್ಲು ಅಂದರೆ ಧಾರಾಳವಾಗಿ ತಗೊಳ್ಳಿ.

ಯಾವುದೇ ನೋಡಿದರೂ ಸಂಜೆ ಹೊತ್ತು ಹೋಗಿ. ನಿಮ್ಮದೇ ಮೆಮೊರಿ ಕಾರ್ಡ್ ಹಾಕಿ, ಮರದ ನೆರಳಲ್ಲಿ ಕೂತ ಕಾಗೆಗೆ ಪೂರ್ತಿ ಜೂಮ್ ಮಾಡಿ ತೆಗೀರಿ. ಹಳೆಯದಾದರೆ ಲೆನ್ಸಿಗೆ ಟಾರ್ಚ್ ಬಿಟ್ಟು ಒಳಗೆ ಬೂಷ್ಟು ಹಿಡಿದಿದೆಯಾ ನೋಡಿ. ಆ ಕಾಗೆ ಫೋಟೋನ ಮನೆಯ ಕಂಪ್ಯೂಟರಲ್ಲಿ ದೊಡ್ಡದು ಮಾಡಿ ನೋಡಿ, ಆಮೇಲೆ ದುಡ್ಡು ಕೊಡಿ. ಅಷ್ಟು ಹೊತ್ತು ಕಾಯಲ್ಲ ಅನ್ನೋರ ಹತ್ರ ತಗೋಬೇಡಿ.