ಕೊಳವೆ ಹೂಳುವ ಮುನ್ನ ಸಲಹೆಗಾರರ ಆಯ್ಕೆ

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಪುರಸಭೆಯೊಂದರಲ್ಲಿ ಕಿರಿಯ ಎಂಜಿನಿಯರ್. ಸುಮಾರು 22 ಕಿ.ಮೀ. ದೂರದ ಜಲಾಶಯದಿಂದ ಊರಿಗೆ ಕುಡಿಯುವ ನೀರು ತರುವ ಕೊಳವೆಮಾರ್ಗಕ್ಕೆ ವಿವರವಾದ ಯೋಜನಾ ವರದಿ (ಡಿಪಿಆರ್) ಸಿದ್ಧವಾಗುತ್ತಿದೆ. ಪರಿಸರ ವರದಿಗಾಗಿ ಇಬ್ಬರು ಸಲಹೆಗಾರರನ್ನು ವಿಚಾರಿಸಿದೆವು. ಪೂರ್ಣ ಪರಿಸರ ಪರಿಣಾಮ ಅಧ್ಯಯನ ಮತ್ತು ಪರಿಸರ ಅನುಮತಿ ಎರಡೂ ಬೇಕು, ಒಂದು ವರ್ಷ ಹಿಡಿಯುತ್ತದೆ ಎಂದು ಒಬ್ಬರು ಹೇಳಿದರು. ಇನ್ನೊಬ್ಬರು ಅದರ ಆರನೇ ಒಂದು ಪಾಲು ಹಣಕ್ಕೆ ಹದಿನೈದು ದಿನಗಳಲ್ಲಿ ವರದಿ ಕೊಡುವುದಾಗಿ ಹೇಳಿದರು. ಯಾರನ್ನು ನಂಬಬೇಕು? ನೇಮಿಸಿಕೊಳ್ಳುವಾಗ ಏನನ್ನು ನೋಡಬೇಕು?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಇಬ್ಬರೂ ಮಾರ್ಗದ ಮೇಲೆ ಒಮ್ಮೆಯೂ ನಡೆಯದೆ ದರ ಹೇಳಿದಂತಿದೆ. ಹಾಗಾಗಿ ಸದ್ಯಕ್ಕೆ ಇಬ್ಬರನ್ನೂ ನಂಬಬೇಕಾಗಿಲ್ಲ.

ಮೊದಲನೆಯವರ ಮಾತನ್ನು ಪರಿಶೀಲಿಸೋಣ. ಪರಿಸರ ಸಂರಕ್ಷಣಾ ಕಾಯ್ದೆ, 1986ರ ಅಡಿಯಲ್ಲಿ 2006ರ ಸೆಪ್ಟೆಂಬರ್ 14ರಂದು ಹೊರಬಿದ್ದ ಅಧಿಸೂಚನೆಯ ಪಟ್ಟಿಯಲ್ಲಿರುವ ಯೋಜನೆಗಳಿಗೆ ಮಾತ್ರ ಪರಿಸರ ಅನುಮತಿ ಬೇಕು. ಆ ಪಟ್ಟಿಯಲ್ಲಿ ತೈಲ ಮತ್ತು ಅನಿಲದ ಕೊಳವೆಮಾರ್ಗಗಳಿವೆ, ನದಿ ಕಣಿವೆ ಯೋಜನೆಗಳಿವೆ. ಕುಡಿಯುವ ನೀರಿನ ಕೊಳವೆಮಾರ್ಗವಿಲ್ಲ. ಎತ್ತಿನಹೊಳೆಯಂತಹ ಬೃಹತ್ ಯೋಜನೆಯೇ ಕುಡಿಯುವ ನೀರಿನದೆಂಬ ಕಾರಣಕ್ಕೆ ಈ ಅನುಮತಿಯ ಹೊರಗುಳಿಯಿತು, ಮತ್ತು ಅದು ಸರಿಯೇ ಎಂಬ ವಾದ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ನಿಮ್ಮ ಡಿಪಿಆರ್‌ನಲ್ಲಿ ಹೊಸ ಅಣೆಕಟ್ಟೆಯೋ ನೀರಾವರಿಯ ಭಾಗವೋ ಸೇರಿಕೊಂಡಿದ್ದರೆ ಲೆಕ್ಕ ಬೇರೆಯಾಗುತ್ತದೆ. ಇಲ್ಲದಿದ್ದರೆ ಒಂದು ವರ್ಷದ ಮಾತಿಗೆ ಆಧಾರ ಯಾವ ಕಲಮಿನಲ್ಲಿದೆ ಎಂದು ಬರಹದಲ್ಲೇ ಕೇಳಿ. ಹಣ ವಿಶ್ವ ಬ್ಯಾಂಕಿನಿಂದಲೋ ಏಷ್ಯನ್ ಅಭಿವೃದ್ಧಿ ಬ್ಯಾಂಕಿನಿಂದಲೋ ಬರುವುದಾದರೆ ಅವರದೇ ಪರಿಸರ ಮತ್ತು ಸಾಮಾಜಿಕ ನಿಯಮಗಳೂ ಅನ್ವಯಿಸುತ್ತವೆ. ಆದ್ದರಿಂದ ಹಣದ ಮೂಲವನ್ನು ಸಲಹೆಗಾರರಿಗೆ ಮೊದಲ ದಿನವೇ ತಿಳಿಸಬೇಕು.

ಪರಿಸರ ಅನುಮತಿ ಬೇಡವೆಂದರೆ ಯಾವ ಅನುಮತಿಯೂ ಬೇಡವೆಂದು ಅರ್ಥವಲ್ಲ, ಮತ್ತು ಹದಿನೈದು ದಿನದವರು ಎಡವುವುದು ಇಲ್ಲಿಯೇ. ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ತೊಡಕು ಕೊಡುವುದು ಅರಣ್ಯದ ವಿಷಯ. ಪಹಣಿಯಲ್ಲಿ ಗೋಮಾಳವೆಂದೋ ಖರಾಬೆಂದೋ ಇರುವ ಸರ್ವೆ ನಂಬರು ಅರಣ್ಯ ಇಲಾಖೆಯ ಪರಿಭಾವಿತ ಅರಣ್ಯದ (ಅಧಿಸೂಚನೆಯಾಗದಿದ್ದರೂ ಅರಣ್ಯವೆಂದೇ ಪರಿಗಣಿಸುವ ಜಾಗ, ಡೀಮ್ಡ್ ಫಾರೆಸ್ಟ್) ಪಟ್ಟಿಯಲ್ಲೂ ಇರಬಹುದು. 1996ರ ಡಿಸೆಂಬರ್ 12ರ ಸುಪ್ರೀಂ ಕೋರ್ಟ್ ಆದೇಶದ ನಂತರ ಅರಣ್ಯವೆಂದರೆ ಅಧಿಸೂಚಿತ ಅರಣ್ಯ ಮಾತ್ರವೆಂದು ವಾದಿಸುವುದು ಸುಲಭವಲ್ಲ. ಅಂತಹ ನೂರು ಮೀಟರ್ ತುಂಡು ಸಿಕ್ಕರೂ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ (2023ರ ತಿದ್ದುಪಡಿಯ ನಂತರ ಅದರ ಹೆಸರು ವನ್ (ಸಂರಕ್ಷಣ್ ಏವಂ ಸಂವರ್ಧನ್) ಅಧಿನಿಯಮ) ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅರ್ಜಿ ಹಾಕಿ, ಮೊದಲ ಹಂತದ ತಾತ್ವಿಕ ಒಪ್ಪಿಗೆ, ಎರಡನೇ ಹಂತದ ಅಂತಿಮ ಒಪ್ಪಿಗೆ ಎಂದು ಕಾಯಬೇಕಾಗುತ್ತದೆ. ರಸ್ತೆಯ ಅಂಚಿನಲ್ಲಿ ಮರ ಕಡಿಯದೆ ನೆಲದಡಿ ಹೂಳುವ ಕೊಳವೆಗೆ ಸರಳ ವಿಧಾನವೊಂದಿದೆ. ಅದನ್ನು ಬಲ್ಲ ಸಲಹೆಗಾರರು ಮಾರ್ಗವನ್ನೇ ಸ್ವಲ್ಪ ಸರಿಸಿ ನಿಮ್ಮ ತಿಂಗಳುಗಳನ್ನು ಉಳಿಸಬಲ್ಲರು. ಅರಣ್ಯದ ಹೊರಗಿನ ಮರಗಳಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಮಾರ್ಗ ಕೋಲಾರದ ಕೋಲಾರಮ್ಮ ಅಥವಾ ಸೋಮೇಶ್ವರ ದೇವಾಲಯದಂತಹ ರಕ್ಷಿತ ಸ್ಮಾರಕದ ಹತ್ತಿರ ಹಾಯುವುದಾದರೆ, ನೂರು ಮೀಟರಿನ ನಿಷೇಧಿತ ವಲಯದಲ್ಲಿ ನಿಷಿದ್ಧವಾದ ‘ನಿರ್ಮಾಣ’ದ ವ್ಯಾಖ್ಯೆಯಿಂದ ಸಾರ್ವಜನಿಕ ನೀರು ಪೂರೈಕೆಯ ಕಾಮಗಾರಿಯನ್ನು ಕಾಯ್ದೆಯೇ ಹೊರಗಿಟ್ಟಿದೆ. ಆದರೂ ಜೆಸಿಬಿ ಇಳಿಸುವ ಮೊದಲು ಪುರಾತತ್ವ ಇಲಾಖೆಗೆ ಪತ್ರ ಬರೆದು ಉತ್ತರ ಪಡೆದಿಟ್ಟುಕೊಳ್ಳುವುದು ಜಾಣತನ.

ಕಾಗದದ ಅನುಮತಿಗಳಿಗಿಂತ ಮುಖ್ಯವಾದದ್ದು ಕೊಳವೆಯೊಳಗೆ ಬರುವ ನೀರು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಹರಿದ ಕೆಲವೇ ವಾರಗಳಲ್ಲಿ ನೊರೆ ಕಾಣಿಸಿಕೊಂಡು, ವಿಷಯ ಹೈಕೋರ್ಟಿಗೆ ಹೋಗಿ, ನೀರು ಬಿಡುವುದಕ್ಕೇ ಕೆಲಕಾಲ ತಡೆ ಬಿದ್ದದ್ದು ನಿಮಗೆ ನೆನಪಿರಬಹುದು. ಅಲ್ಲಿ ಜನ ಕೇಳಿದ ಪ್ರಶ್ನೆ ಗುಂಡಿ ತೋಡಿದ್ದರ ಬಗ್ಗೆಯಾಗಿರಲಿಲ್ಲ. ನಿಮ್ಮದು ಕುಡಿಯುವ ನೀರಾದ್ದರಿಂದ ಮೂಲದ ನೀರನ್ನು ಮಳೆಗಾಲದಲ್ಲೂ ಬೇಸಿಗೆಯಲ್ಲೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಷರತ್ತು ಕಾರ್ಯಾದೇಶದಲ್ಲಿರಲಿ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸೈರಿಸಬಹುದು. ಜಲಾಶಯದ ನೀರಿನ ಜೊತೆ ಹಳೆಯ ಕೊಳವೆಬಾವಿಗಳ ನೀರನ್ನು ಬೆರೆಸುವ ಯೋಚನೆಯಿದ್ದರೆ ಬೆರೆತ ನೀರನ್ನೂ ಪರೀಕ್ಷಿಸಬೇಕು. ಶುದ್ಧೀಕರಣ ಘಟಕದ ಸೋಸುಪಾತ್ರೆಗಳನ್ನು ತೊಳೆದ ಕೆಸರು ನೀರು ಎಲ್ಲಿಗೆ ಹೋಗುತ್ತದೆ, ಕೊಳವೆಯ ಒತ್ತಡ ಪರೀಕ್ಷೆಗೆ ಬಳಸಿದ ನೀರನ್ನು ಯಾರ ಹೊಲದ ಬದುವಿಗೆ ಬಿಡುತ್ತೀರಿ, ಊರೊಳಗೆ ಕಿತ್ತುಹಾಕುವ ಹಳೆಯ ಕಲ್ನಾರು ಸಿಮೆಂಟಿನ ಕೊಳವೆಗಳನ್ನು ಎಲ್ಲಿ ವಿಲೇವಾರಿ ಮಾಡುತ್ತೀರಿ ಎಂಬುದಕ್ಕೂ ವರದಿಯಲ್ಲಿ ಉತ್ತರವಿರಬೇಕು.

ಇನ್ನು ಆಯ್ಕೆ. ಪರಿಸರ ಅನುಮತಿ ಬೇಕಾದ ಯೋಜನೆಗಳ ಅಧ್ಯಯನವನ್ನು ಭಾರತೀಯ ಗುಣಮಟ್ಟ ಮಂಡಳಿಯ ವಿಭಾಗವಾದ ನ್ಯಾಬೆಟ್‌ನಿಂದ ಮಾನ್ಯತೆ ಪಡೆದ ಸಂಸ್ಥೆಗಳೇ ಮಾಡಬೇಕು. ನಿಮ್ಮ ಯೋಜನೆಗೆ ಕಾನೂನಿನಂತೆ ಅದು ಕಡ್ಡಾಯವಲ್ಲದಿದ್ದರೂ ಅರ್ಹತೆಯ ಅಳತೆಗೋಲಾಗಿ ಬಳಸಿಕೊಳ್ಳಬಹುದು. ಆ ಮಾನ್ಯತೆ ಅಧಿಸೂಚನೆಯ ಪಟ್ಟಿಯಲ್ಲಿರುವ ವಲಯಗಳಿಗೆ ಅನುಗುಣವಾಗಿ ಸಿಗುವಂಥದ್ದು. ‘ಕುಡಿಯುವ ನೀರಿನ ಕೊಳವೆಮಾರ್ಗಕ್ಕೆ ನಮಗೆ ಮಾನ್ಯತೆಯಿದೆ’ ಎನ್ನುವವರನ್ನು ಪತ್ರ ತೋರಿಸಿ ಎಂದು ಕೇಳಿ. ಯಾವ ವಲಯಕ್ಕೆ, ಯಾವ ದಿನಾಂಕದವರೆಗೆ, ಯಾವ ತಜ್ಞರ ಹೆಸರಿನಲ್ಲಿ ಎಂಬುದು ಮುಖ್ಯ. ಪ್ರಸ್ತಾವದಲ್ಲಿ ದೊಡ್ಡ ತಜ್ಞರ ಹೆಸರಿದ್ದು, ಸ್ಥಳಕ್ಕೆ ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗರು ಬರುವುದು ಈ ಕ್ಷೇತ್ರದ ಹಳೆಯ ರೂಢಿ. ಆದ್ದರಿಂದ ತಂಡದ ನಾಯಕರು ಮಾರ್ಗದ ಮೇಲೆ ಎಷ್ಟು ದಿನ ಇರಬೇಕೆಂಬುದನ್ನು ಒಪ್ಪಂದದಲ್ಲಿ ಬರೆಸಿ.

ಅವರ ಹಿಂದಿನ ಎರಡು ವರದಿಗಳನ್ನು ಕೇಳಿ ಓದಿ. ನಾನು ಸೇವೆಯಲ್ಲಿದ್ದಾಗ ಪಾವಗಡದ ಕಡೆಯ ಕಾಮಗಾರಿಯೊಂದಕ್ಕೆ ಬಂದ ವರದಿಯ ಸಸ್ಯಪಟ್ಟಿಯಲ್ಲಿ ಅಳಿವೆಯ ಕಾಂಡ್ಲಾ ಗಿಡವಿತ್ತು. ಕರಾವಳಿಯ ಯಾವುದೋ ವರದಿಯಲ್ಲಿ ಊರಿನ ಹೆಸರನ್ನಷ್ಟೇ ಬದಲಿಸಿದ್ದರು, ಅದಕ್ಕೆ ನಮ್ಮ ಕಚೇರಿಯಿಂದ ಬಿಲ್ಲೂ ಪಾಸಾಗಿತ್ತು.

ಸಲಹೆಗಾರರ ನೇಮಕವೂ ಸರ್ಕಾರಿ ಖರೀದಿಯೇ ಆದ್ದರಿಂದ ಅದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಂತೆಯೇ ನಡೆಯಬೇಕು. ಅತಿ ಕಡಿಮೆ ದರವೊಂದನ್ನೇ ನೋಡದೆ, ಗುಣಮಟ್ಟಕ್ಕೂ ದರಕ್ಕೂ ಅಂಕ ಕೊಡುವ ವಿಧಾನವನ್ನು ನಿಮ್ಮ ಮುಖ್ಯಾಧಿಕಾರಿಗಳ ಮುಂದಿಡಿ. ಡಿಪಿಆರ್ ಮಾಡಿದ ಸಂಸ್ಥೆಗೇ ಈ ಕೆಲಸವನ್ನೂ ಕೊಡಬೇಡಿ. ತಾನೇ ಎಳೆದ ಗೆರೆಯನ್ನು ತಪ್ಪೆಂದು ಯಾರೂ ಹೇಳುವುದಿಲ್ಲ. ಹಣವನ್ನು ಕಂತುಗಳಲ್ಲಿ ಪಾವತಿಸಿ. ಸರ್ವೆ ನಂಬರುವಾರು ನಕ್ಷೆ ಮತ್ತು ಬೇಕಾದ ಅನುಮತಿಗಳ ಪಟ್ಟಿ ಕೈಸೇರಿದಾಗ ಮೊದಲ ಕಂತು ಕೊಡಿ; ಇಲಾಖೆಗಳು ಎತ್ತುವ ಆಕ್ಷೇಪಗಳಿಗೆ ಉತ್ತರಿಸಿ ಅನುಮತಿ ಕೈಗೆ ಬರುವವರೆಗೂ ಕೊನೆಯ ಕಂತನ್ನು ತಡೆದಿಡಿ. ಮೊದಲ ಕಂತಿನ ಆ ಪಟ್ಟಿ ಬಂದ ಮೇಲೆಯೇ ಉಳಿದ ಕೆಲಸದ ವ್ಯಾಪ್ತಿ ಎಷ್ಟೆಂಬುದು ನಿಮಗೂ ತಿಳಿಯುತ್ತದೆ. ಹಾಗಾಗಿ ಅಷ್ಟನ್ನು ಮಾತ್ರ ಸಣ್ಣ ಕೆಲಸವಾಗಿ ಪ್ರತ್ಯೇಕವಾಗಿ ಕೊಡಿಸಿದರೂ ತಪ್ಪಿಲ್ಲ.

ಮಾರ್ಗ ನೋಡಲು ಸಲಹೆಗಾರರು ಬಂದ ದಿನ ಕೆರೆಯಿರುವ ಹಳ್ಳಿಗಳಲ್ಲಿ ಕೆರೆ ನೀರು ಹಂಚುವ ನೀರುಗಂಟಿಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಕೋಡಿ ಬಿದ್ದಾಗ ನೀರು ಯಾವ ಹೊಲದ ಮೇಲೆ ಹಾಯುತ್ತದೆ, ಏರಿ ಎಲ್ಲಿ ಜಿನುಗುತ್ತದೆ, ಹೂತುಹೋದ ಹಳೆಯ ರಾಜಕಾಲುವೆ ಯಾವ ಬೇಲಿಯ ಕೆಳಗಿದೆ ಎಂಬುದು ಯಾವ ನಕ್ಷೆಯಲ್ಲೂ ಇರುವುದಿಲ್ಲ. ನಿಮ್ಮ ಕೊಳವೆ ಏರಿಯನ್ನು ದಾಟುವ ಜಾಗವನ್ನು ಗುರುತು ಮಾಡುವ ಮೊದಲು ಆ ಜಾಗವನ್ನು ಅವರಿಂದಲೇ ತೋರಿಸಿಕೊಳ್ಳಿ.